ಹೇಸು, ಹೇಸಿಗೆ, ಅಸಹ್ಯ: ಸಾರವಾಡ ಸೀಮೆಯಿಂದ ಒಂದು ಪದಚರಿತ್ರೆ

ಹೇಸು ಕನ್ನಡದ ಬಹು ಹಳೆಯ ಕ್ರಿಯಾಪದಗಳಲ್ಲಿ ಒಂದು. ಕೀವು, ಹುಳು, ಎಂಜಲು, ಕೊಳೆತ ಪದಾರ್ಥ, ದುರ್ನಾತ ಇಂಥವುಗಳ ಎದುರು ಮೈ ಮುದುಡಿ ಮನಸ್ಸು ಹಿಂದೆಗೆಯುವುದು ಅದರ ಮೊದಲ ಅರ್ಥ. ನಾಚುವುದು, ಅಳುಕುವುದು, ಮಾಡಬಾರದ್ದನ್ನು ಮಾಡಲು ಹಿಂಜರಿಯುವುದು ಅದೇ ಅರ್ಥದ ವಿಸ್ತಾರ. ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಸಾರವಾಡದಲ್ಲಿ ಈ ಪದವನ್ನು ಯಾರೂ ಪುಸ್ತಕದಿಂದ ಕಲಿಯುವುದಿಲ್ಲ. ತೊಟ್ಟಿಲ ಕೂಸು 'ಹೇಸಿಗಿ ಮಾಡಿತು' ಎಂಬಲ್ಲಿಂದ ಹಿಡಿದು 'ನಾಚಿಕಿ ಹೇಸಿಗಿ ಇಲ್ಲದಂವ' ಎಂಬ ಬೈಗುಳದವರೆಗೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಅದು.

ಬೇಗನೆ ಹೇಸಿಕೊಳ್ಳುವ ಸ್ವಭಾವದವರನ್ನು ಒಂದೇ ಗುಣವಾಚಕದಲ್ಲಿ ಹೇಳುವ ರೂಢಿ ಆಡುಗನ್ನಡದಲ್ಲಿ ಬೇರೂರಿಲ್ಲ. ಇಂಗ್ಲಿಷಿನ 'ಸ್ಕ್ವೀಮಿಶ್' ಎಂಬ ಪದಕ್ಕೆ ಕನ್ನಡ ಮಾಡಹೊರಟವರು ಅದನ್ನು ವಾಕ್ಯದಂತೆ ಬಿಡಿಸಿ ಹೇಳಬೇಕಾಗುತ್ತದೆ: ಸಣ್ಣದಕ್ಕೂ ಓಕರಿಕೆ ಬರುವವನು, ಅತಿ ನಾಜೂಕಿನವನು. ಇದನ್ನು ಕೊರತೆ ಎನ್ನಬೇಕಾಗಿಲ್ಲ. ಕನ್ನಡ ಈ ಗುಣವನ್ನು ಹೆಸರಿನಿಂದ ಹಿಡಿಯದೆ ಕ್ರಿಯೆಯಿಂದ ಹಿಡಿಯುತ್ತದೆ. ಸಾರವಾಡದ ಮಾತಿನಲ್ಲಿ 'ಅಂವ ಭಾಳ ಹೇಸತಾನ' ಎನ್ನುವುದು ಒಂದು ಬಗೆ, 'ಅಂವಗ ಹೇಸಿಗಿ ಭಾಳ' ಎನ್ನುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಹೇಸುವವನೇ ಕರ್ತೃ. ಅದು ಅವನು ಮಾಡುವ ಕೆಲಸ, ಬೇಕಾದರೆ ಬಿಡಬಹುದಾದ ಕೆಲಸ. ಆದ್ದರಿಂದಲೇ 'ಹೇಸಬ್ಯಾಡ' ಎಂದು ಅವನಿಗೆ ಬುದ್ಧಿ ಹೇಳಬಹುದು. ಎರಡನೆಯದರಲ್ಲಿ ಹೇಸಿಗೆ ತಾನಾಗಿ ಬಂದು ಅವನನ್ನು ಮುಟ್ಟುತ್ತದೆ, ಹಸಿವು ನಿದ್ದೆ ಬಂದಂತೆ. ಹೇಸಿಗೆ ಮನುಷ್ಯನ ಕೈಯಲ್ಲಿದೆಯೋ ಅವನೇ ಅದರ ಕೈಯಲ್ಲಿದ್ದಾನೋ ಎಂಬ ಪ್ರಶ್ನೆಯನ್ನು ಈ ಎರಡು ವಾಕ್ಯರಚನೆಗಳು ಬಗೆಹರಿಸದೆ ಜೊತೆಜೊತೆಗೇ ಇಟ್ಟುಕೊಂಡಿವೆ. ಈ ಪದದ ಸಾವಿರ ವರ್ಷದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವುದು ಅದೇ ಪ್ರಶ್ನೆ.

ಪದದ ಹಳೆಯ ರೂಪ ಪೇಸು. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪಕಾರ 10ನೇ ಶತಮಾನದಿಂದೀಚೆಗೆ ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೇಸು ಹೇಸಾಯಿತು. ಕ್ರಿಯಾಪದಕ್ಕೆ ಇಕೆ ಅಥವಾ ಇಗೆ ಸೇರಿ ಹೇಸಿಕೆ, ಹೇಸಿಗೆ ಎಂಬ ನಾಮಪದಗಳು ಹುಟ್ಟಿದವು. ಅಂಜು ಎಂಬುದರಿಂದ ಅಂಜಿಕೆ, ನಾಚು ಎಂಬುದರಿಂದ ನಾಚಿಕೆ ಬಂದ ದಾರಿಯೇ ಇದು. ಪದಾಂತ್ಯದ ಎಕಾರವನ್ನು ಇಕಾರ ಮಾಡುವ ಉತ್ತರ ಕರ್ನಾಟಕದ ನಾಲಗೆಯಲ್ಲಿ ಇವು ಅಂಜಿಕಿ, ನಾಚಿಕಿ, ಹೇಸಿಗಿ. ಅಂಜಿಕೆ, ನಾಚಿಕೆ, ಹೇಸಿಗೆ ಮೂರೂ ಒಂದೇ ಅಚ್ಚಿನಿಂದ ಬಂದ ಪದಗಳು ಎಂಬುದನ್ನು ಗಮನಿಸಬೇಕು. ಮೂರೂ ಒಳಗೆ ಕುಗ್ಗುವ ಭಾವಗಳು. ಇಂಗ್ಲಿಷಿನಲ್ಲಿ ಇದೇ ಭಾವವನ್ನು ಹೇಳುವ 'ಡಿಸ್ಗಸ್ಟ್' ಪದದ ಬೇರು ರುಚಿ; ಬಾಯಿಗೆ ಸೇರದ್ದು ಎಂಬುದು ಅಲ್ಲಿ ಮೂಲ. ಕನ್ನಡದ ಹೇಸಿಗೆ ನಾಲಗೆಗಿಂತ ನಾಚಿಕೆಗೆ ಹತ್ತಿರ. ಬಾಯಿಗೆ ಸಂಬಂಧಿಸಿದ್ದಕ್ಕೆ ಕನ್ನಡದಲ್ಲಿ ಬೇರೆ ಪದವೇ ಇದೆ: ಓಕರಿಕೆ, ವಾಕರಿಕೆ. ಹೊಟ್ಟೆ ತೊಳಸಿ 'ವಾಕ್' ಎನ್ನುವ ಸದ್ದೇ ಅದರಲ್ಲಿ ಕೇಳಿಸುತ್ತದೆ.

ಹೇವ, ಹೇವರಿಕೆ, ಹೇವರಿಸು ಎಂಬ ಇನ್ನೊಂದು ಗುಂಪೂ ಸಾಹಿತ್ಯದಲ್ಲಿ ಹೇರಳವಾಗಿದೆ. ತೆಲುಗಿನ ಏವಗಿಂಪು ಇದೇ ಅರ್ಥದ ಪದ. ತಮಿಳಿಗೆ ಅರುವರುಪ್ಪು, ಮಲೆಯಾಳಕ್ಕೆ ಅರಪ್ಪ್, ಮರಾಠಿಗೆ ಕಿಳಸ್ ಇವೆ. ನೆರೆಹೊರೆಯ ಭಾಷೆಗಳು ಈ ಒಂದು ಭಾವಕ್ಕೆ ಹೀಗೆ ಬೇರೆ ಬೇರೆ ಪದಗಳನ್ನು ಬೆಳೆಸಿಕೊಂಡಿವೆ.

ಸಂಸ್ಕೃತದಿಂದ ಬಂದ ಎರಡು ಪದಗಳು ಕನ್ನಡದಲ್ಲಿ ಹೇಸಿಗೆಯ ಜೊತೆ ಕುಳಿತುಕೊಂಡವು: ಜುಗುಪ್ಸೆ ಮತ್ತು ಅಸಹ್ಯ. ಜುಗುಪ್ಸೆಯ ಹುಟ್ಟು ವಿಚಿತ್ರವಾದದ್ದು. ಗುಪ್ ಎಂಬ ಧಾತುವಿನ ಅರ್ಥ ಕಾಪಾಡು, ಮರೆಮಾಡು. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೊದಲ ಪಾದದ ಐದನೆಯ ಸೂತ್ರ ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳಿಗೆ ಒಂದೇ ಪ್ರತ್ಯಯವನ್ನು ವಿಧಿಸುತ್ತದೆ. ಅದರಿಂದ ಕ್ರಮವಾಗಿ ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ ಸಿದ್ಧವಾಗುತ್ತವೆ. ಹೇಸುವುದು, ತಾಳಿಕೊಳ್ಳುವುದು, ಗುಣಪಡಿಸುವುದು. ರೋಗಿಯೊಬ್ಬನ ಹುಣ್ಣಿನ ಮುಂದೆ ನಿಂತವರಿಗೆ ಸಾಧ್ಯವಿರುವ ಮೂರು ದಾರಿಗಳೂ ಒಂದೇ ಸೂತ್ರದೊಳಗೆ ಬಂದು ಕೂತಿರುವುದು ವ್ಯಾಕರಣದ ಆಕಸ್ಮಿಕವೇ ಇರಬಹುದು, ಆದರೆ ನೆನಪಿನಲ್ಲಿ ಉಳಿಯುವ ಆಕಸ್ಮಿಕ. ಕನ್ನಡದ ಜನ ಬಳಕೆಯಲ್ಲಿ ಜುಗುಪ್ಸೆ ಜಿಗುಪ್ಸೆಯಾಯಿತು.

ಅಸಹ್ಯದ ಮೂಲಾರ್ಥ ಸಹಿಸಲಾಗದ್ದು ಎಂದಷ್ಟೆ. ಬಿಸಿಲು ಅಸಹ್ಯವಾಗಬಹುದು, ನೋವು ಅಸಹ್ಯವಾಗಬಹುದು. ಕನ್ನಡದಲ್ಲಿ ಆ ಪದ ಹೇಸಿಗೆಯ ಅರ್ಥಕ್ಕೆ ಇಳಿದು ಅಲ್ಲಿಯೇ ನೆಲೆಯಾಯಿತು. ಹಾಗೆ ನೆಲೆಯಾದಾಗಲೂ ಪದದ ಒಳಗೆ ಹಳೆಯ ಸೂಚನೆ ಉಳಿದೇ ಇದೆ: ಎದುರಿಗಿರುವ ವಸ್ತುವಿನ ಗುಣವನ್ನು ಅದು ಹೇಳುವುದಿಲ್ಲ, ನೋಡುವವನ ತಾಳ್ಮೆ ಎಲ್ಲಿಗೆ ಮುಗಿಯಿತು ಎಂಬುದನ್ನು ಹೇಳುತ್ತದೆ.

ಭರತನ ನಾಟ್ಯಶಾಸ್ತ್ರ ಜುಗುಪ್ಸೆಯನ್ನು ಬೀಭತ್ಸ ರಸದ ಸ್ಥಾಯಿಭಾವವೆಂದು ಹೇಳಿ ಆ ರಸಕ್ಕೆ ನೀಲಿ ಬಣ್ಣವನ್ನೂ ಮಹಾಕಾಲನನ್ನು ಅಧಿದೇವತೆಯಾಗಿಯೂ ಕೊಟ್ಟಿತು. ರಕ್ತ ಕರುಳುಗಳಿಂದ ಹುಟ್ಟುವ ಬೀಭತ್ಸ ಬೇರೆ, ಮಲ ಮತ್ತು ಹುಳುಗಳಿಂದ ಹುಟ್ಟುವ ಬೀಭತ್ಸ ಬೇರೆ ಎಂದು ಅದು ವಿಂಗಡಿಸುತ್ತದೆ. ಮೊದಲನೆಯದಕ್ಕೆ ಕನ್ನಡದಲ್ಲಿ ಮೇಲಾದ ನಿದರ್ಶನ ಬೇಕಾದರೆ ಸಾರವಾಡದಿಂದ ಬಹು ದೂರ ಹೋಗಬೇಕಾಗಿಲ್ಲ. ರನ್ನ ಹುಟ್ಟಿದ ಮುಧೋಳ 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೂ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯಲ್ಲೇ ಇತ್ತು. ಅವನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳನ್ನು ಎಡವುತ್ತ, ರಕ್ತದಲ್ಲಿ ಕಾಲಿಡುತ್ತ ಕುರುಕ್ಷೇತ್ರವನ್ನು ದಾಟುತ್ತಾನೆ. ಮರುಳುಗಳು ಅಲ್ಲಿ ಹಬ್ಬ ಮಾಡುತ್ತಿರುತ್ತವೆ. ಈ ಬೀಭತ್ಸವನ್ನು ರನ್ನ ಓದುಗನ ಮೂಗು ಮುಚ್ಚಿಸಲು ಬಳಸಲಿಲ್ಲ. ಹೇಸಿಗೆ ಕಳೆದು ಮರುಕ ಉಳಿಯುವ ತನಕ ಆ ನಡಿಗೆಯನ್ನು ಎಳೆದ. ಹೇಸಿಗೆಯನ್ನು ದಾಟಿ ಹೋಗಬಹುದು ಎಂಬುದಕ್ಕೆ ಕನ್ನಡ ಕಾವ್ಯ ಕೊಟ್ಟ ದೊಡ್ಡ ಸಾಕ್ಷಿಗಳಲ್ಲಿ ಅದು ಒಂದು.

ಬೇಗ ಹೇಸುವುದನ್ನು ಒಂದು ದೋಷವೆಂದು ಹೆಸರಿಟ್ಟು ಎಣಿಸಿದವರು ಜೈನರು. ಜೈನ ಶಾಸ್ತ್ರದಲ್ಲಿ ಹಾಸ್ಯ, ರತಿ, ಅರತಿ, ಶೋಕ, ಭಯಗಳ ಜೊತೆ ಜುಗುಪ್ಸೆಯೂ ಒಂಬತ್ತು ನೋಕಷಾಯಗಳಲ್ಲಿ ಒಂದು, ಅಂದರೆ ಆತ್ಮಕ್ಕೆ ಅಂಟುವ ಸಣ್ಣ ಕಲೆಗಳಲ್ಲಿ ಒಂದು. ಸಮ್ಯಗ್ದರ್ಶನದ, ಅಂದರೆ ಸರಿಯಾದ ಶ್ರದ್ಧೆಯ, ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ: ರೋಗದಿಂದ, ಮಲಿನತೆಯಿಂದ ಕೂಡಿದ ಸಾಧುವಿನ ದೇಹವನ್ನು ಕಂಡು ಹೇಸದಿರುವುದು. ಚಿಕಿತ್ಸೆಗೆ ಮೂಲವಾದ ಕಿತ್ ಧಾತುವೇ ಇಲ್ಲಿಯೂ ಇದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಈ ಅಂಗಕ್ಕೆ ಉದ್ದಾಯನ ರಾಜನನ್ನು ಮಾದರಿಯಾಗಿ ಹೆಸರಿಸುತ್ತದೆ. ಕುಷ್ಠ ಹಿಡಿದ ಮುನಿಯ ವೇಷದಲ್ಲಿ ಬಂದ ದೇವತೆ ಉಂಡದ್ದನ್ನೆಲ್ಲ ವಾಂತಿ ಮಾಡಿದಾಗ, ಉದ್ದಾಯನ ಮೂಗು ಮುರಿಯದೆ ತನ್ನ ಕೈಯಾರೆ ತೊಳೆದು ಉಪಚರಿಸಿದ ಎಂಬುದು ಕಥೆ. ತಾನು ಕೊಟ್ಟ ಆಹಾರದಲ್ಲೇ ಏನೋ ದೋಷವಿರಬೇಕೆಂದು ಅವನು ನೊಂದುಕೊಂಡ ಎಂಬ ವಿವರ ಕಥೆಯ ಜೀವ. ಹೇಸುವ ಬದಲು ತನ್ನನ್ನೇ ಪ್ರಶ್ನಿಸಿಕೊಳ್ಳುವ ಮನಸ್ಸು ಅದು.

ಸಮ್ಯಗ್ದರ್ಶನದ ಅಂಗಗಳನ್ನೂ ಅಣುವ್ರತಗಳನ್ನೂ ಕಥೆಗಳಾಗಿ ಕನ್ನಡಿಸಿದವನು ಈಗಿನ ಗದಗ ಜಿಲ್ಲೆಯ ಮುಳುಗುಂದದ ನಯಸೇನ. ಅವನ ಧರ್ಮಾಮೃತದ ಕಾಲ ಸುಮಾರು 1112. ಸಂಸ್ಕೃತವನ್ನೂ ಕನ್ನಡವನ್ನೂ ಬೇಕಾಬಿಟ್ಟಿ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಗದರಿದ ಕವಿಯೂ ಅವನೇ. ಶಾಸ್ತ್ರದ ನಿರ್ವಿಚಿಕಿತ್ಸೆಯಂಥ ತೊಡಕಿನ ಪದ ಹಳ್ಳಿಯ ಕಿವಿಗೆ ತಲುಪಬೇಕಾದರೆ ಅದು ಹೇಸದಿರುವಿಕೆಯ ಕಥೆಯಾಗಲೇಬೇಕಿತ್ತು.

ಅದೇ ಶತಮಾನದಲ್ಲಿ, ಈಗಿನ ವಿಜಯಪುರ ಜಿಲ್ಲೆಯಲ್ಲೇ ಹುಟ್ಟಿದ ಬಸವಣ್ಣನವರು ಅಸಹ್ಯ ಎಂಬ ಪದಕ್ಕೆ ಕೊಟ್ಟ ಜಾಗ ಈ ಚರಿತ್ರೆಯ ತಿರುವು. ಕಳವು, ಕೊಲೆ, ಸುಳ್ಳು, ಸಿಟ್ಟು, ಆತ್ಮಪ್ರಶಂಸೆ, ಪರನಿಂದೆ ಇವುಗಳನ್ನು ಬಿಡಬೇಕೆನ್ನುವ ಅವರ ಪ್ರಸಿದ್ಧ ವಚನದ ಏಳು ನಿಷೇಧಗಳಲ್ಲಿ ಐದನೆಯದು ಬೇರೆಯವರ ಬಗ್ಗೆ ಅಸಹ್ಯಪಡುವುದನ್ನು ಕುರಿತದ್ದು. ಈ ಏಳನ್ನು ಪಾಲಿಸುವುದೇ ಒಳಗಿನ ಶುದ್ಧಿ, ಇದೇ ಹೊರಗಿನ ಶುದ್ಧಿ ಎಂದು ಆ ವಚನ ತೀರ್ಮಾನಿಸುತ್ತದೆ. ಅದಕ್ಕೆ ಮುಂಚಿನ ಕಟ್ಟುಪಾಡಿನಲ್ಲಿ ಶುದ್ಧನಾಗಿರುವುದು ಎಂದರೆ ಹೇಸಿಗೆಯದರಿಂದ, ಹೇಸಬೇಕಾದವರಿಂದ ದೂರ ನಿಲ್ಲುವುದು. ಯೋಗಸೂತ್ರ ಕೂಡ ಶೌಚದ ಫಲವಾಗಿ ತನ್ನ ದೇಹದ ಬಗ್ಗೆಯೇ ಜುಗುಪ್ಸೆ ಹುಟ್ಟಿ ಪರರ ಸಂಸರ್ಗ ತಪ್ಪುತ್ತದೆ ಎನ್ನುತ್ತದೆ. ಬಸವಣ್ಣ ಈ ಲೆಕ್ಕವನ್ನು ತಲೆಕೆಳಗು ಮಾಡಿದರು. ಇನ್ನೊಬ್ಬರನ್ನು ಕಂಡು ಹೇಸುವುದೇ ಅಶುದ್ಧಿಯಾಯಿತು. ಕಳವು ಕೊಲೆಗಳ ಪಂಕ್ತಿಯಲ್ಲಿ ಅಸಹ್ಯವನ್ನು ಕೂರಿಸಿದ್ದು ಸಣ್ಣ ಮಾತಲ್ಲ. ಮನಸ್ಸಿನ ಒಂದು ಅಳುಕನ್ನು ನ್ಯಾಯದ ವಿಷಯವಾಗಿ ಕಂಡ ಕಣ್ಣು ಅದು.

ಅದರ ಹಿಂದೆ ಬದುಕಿನ ಕ್ರಮವೂ ಇತ್ತು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಚರ್ಮ ಹದ ಮಾಡುವ ಕುಲದ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಅಂಗಳದ ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕ ಇವರೆಲ್ಲ ಆ ಬಳಗದ ಗೌರವಾನ್ವಿತರು. ಹಸಿ ಚರ್ಮದ ನಾತ ಮೂಗಿಗೆ ಬಾರದಿರುವುದಿಲ್ಲ. ಆದರೆ ನಾತವನ್ನು ಸಹಿಸಿ ದುಡಿಯುವವನ ಮೇಲೆ ಆ ನಾತದ ಹೆಸರನ್ನು ಅಂಟಿಸಬೇಕಾಗಿಲ್ಲ ಎಂಬುದು ಅವರ ನಿಲುವು. ಇದೇ ಪರಂಪರೆಯಲ್ಲಿ ಅಕ್ಕಮಹಾದೇವಿ ಮನುಷ್ಯದೇಹದ ಮಲಮೂತ್ರಗಳನ್ನು ನೇರವಾಗಿ ಹೆಸರಿಸಿ ಮಾತಾಡಿದಳು. ತನ್ನ ದೇಹವನ್ನು ಬಯಸಿ ಬಂದವರ ಎದುರು ಹೇಸಿಗೆಯ ಮಾತನ್ನೇ ಗುರಾಣಿಯಂತೆ ಹಿಡಿದವಳು ಅವಳು. ಹೇಸಿಗೆಯನ್ನು ಬಿಡಿಸುವುದೂ ವಚನಕಾರರಲ್ಲಿದೆ, ಹೇಸಿಗೆಯನ್ನು ಎಬ್ಬಿಸುವುದೂ ಇದೆ. ಎರಡನ್ನೂ ಒಂದೇ ಸೂತ್ರಕ್ಕೆ ಇಳಿಸಲಾಗದು.

ಈ ವಚನಗಳು ತಾಳೆಗರಿಯಿಂದ ಅಚ್ಚಿಗೆ ಬಂದದ್ದು ಬಹುಪಾಲು ವಿಜಾಪುರದ ವಕೀಲರೊಬ್ಬರ ದುಡಿಮೆಯಿಂದ. ಫ. ಗು. ಹಳಕಟ್ಟಿ (1880–1964) 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ವಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಮಠಗಳ ಮತ್ತು ಮನೆಗಳ ಕಟ್ಟುಗಳಲ್ಲಿದ್ದ ಅಸಹ್ಯದ ಆ ಎಣಿಕೆ ಶಾಲೆಯ ಪಠ್ಯಕ್ಕೆ, ಗೋಡೆಬರಹಕ್ಕೆ, ಪ್ರಾರ್ಥನೆಗೆ ಬಂದದ್ದು ಅಚ್ಚಿನ ಆ ಕೆಲಸದ ನಂತರ.

ವಚನಗಳ ಮರುಶತಮಾನದಲ್ಲಿ ಜನ್ನ ಹೇಸಿಗೆಯ ಇನ್ನೊಂದು ಮುಖವನ್ನು ತೋರಿಸಿದ. 1209ರ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿ ಒಲಿಯುವುದು ಅಷ್ಟಾವಂಕನೆಂಬ ಮಾವುತನಿಗೆ. ಅವನ ಮೈಯನ್ನು ಕವಿ ಹೇಸಿಗೆ ಹುಟ್ಟುವಂತೆಯೇ ಅಂಗಾಂಗವಾಗಿ ಬಣ್ಣಿಸುತ್ತಾನೆ. ಅವನನ್ನು ನೋಡಿ ಬಂದ ದೂತಿಗೂ ಹೇಸಿಗೆ, ಓದುಗನಿಗೂ ಹೇಸಿಗೆ. ರಾಣಿಗೆ ಮಾತ್ರ ಇಲ್ಲ. ಒಂದೇ ದೇಹ ಒಬ್ಬರಿಗೆ ಬೀಭತ್ಸ, ಇನ್ನೊಬ್ಬರಿಗೆ ಶೃಂಗಾರ. ಹೇಸಿಗೆ ವಸ್ತುವಿನಲ್ಲಿಲ್ಲ ಎಂಬುದನ್ನು ಜನ್ನ ನೀತಿಪಾಠವಾಗಿ ಹೇಳಲಿಲ್ಲ. ಅವನ ಕಾವ್ಯ ಅಮೃತಮತಿಯನ್ನು ಕ್ಷಮಿಸುವುದೂ ಇಲ್ಲ. ಆದರೂ ಆ ಸತ್ಯ ಅಲ್ಲಿ ಉಳಿದುಬಿಟ್ಟಿದೆ.

ಸಾರವಾಡದ ಸೀಮೆಗೆ ಇನ್ನಷ್ಟು ಹತ್ತಿರ, ವಿಜಯಪುರ ನಗರದ ಪಶ್ಚಿಮಕ್ಕೆ ತೊರವಿ ಇದೆ. ಕುಮಾರವಾಲ್ಮೀಕಿಯ ತೊರವೆ ರಾಮಾಯಣ ಅಲ್ಲಿಯ ನರಸಿಂಹನ ಹೆಸರಿನಲ್ಲಿ ಹುಟ್ಟಿತು. ಅದೇ ತೊರವಿಯ ಬಳಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ (ಆಳ್ವಿಕೆ 1580–1627) 1599ರಲ್ಲಿ ನವರಸಪುರವೆಂಬ ನಗರವನ್ನು ಕಟ್ಟಿಸತೊಡಗಿದ. ದಖನಿಯಲ್ಲಿ ಅವನು ರಚಿಸಿದ ರಾಗಬದ್ಧ ಹಾಡುಗಳ ಸಂಗ್ರಹ ಕಿತಾಬ್-ಎ-ನವರಸ್. ಸಂಗೀತ ಬಲ್ಲವನಿಗೆ ಅದು ಒಂಬತ್ತು ರಸ. ಫಾರಸಿ ಬಲ್ಲವನಿಗೆ ಹೊಸ ಹಣ್ಣು, ಹೊಸ ಸವಿ. ಒಂಬತ್ತರಲ್ಲಿ ಬೀಭತ್ಸವೂ ಒಂದು ಎಂಬುದನ್ನು ಮರೆಯಬಾರದು. ಸೌಂದರ್ಯಕ್ಕಾಗಿ ಕಟ್ಟಿದ ನಗರದ ಹೆಸರಿನೊಳಗೆ ಜುಗುಪ್ಸೆಗೂ ಒಂದು ಪಾಲಿತ್ತು. 1624ರಲ್ಲಿ ಮಲಿಕ್ ಅಂಬರನ ಸೇನೆ ನವರಸಪುರವನ್ನು ಹಾಳುಗೆಡವಿತು. ಅರಮನೆಯ ಭಗ್ನಾವಶೇಷ ಈಗಲೂ ಅಲ್ಲಿದೆ.

ಆದಿಲ್‌ಶಾಹಿಯ ಕಾಲದ ದಖನಿ ಮತ್ತು ಫಾರಸಿ ಸಂಪರ್ಕ, ಆಮೇಲೆ ಮುಂಬಯಿ ಪ್ರಾಂತದ ಮರಾಠಿ ಆಡಳಿತ ಹೇಸಿಗೆಯ ಸುತ್ತಲಿನ ಪದಕೋಶಕ್ಕೆ ಹೊಸ ಸರಕು ತಂದವು. ಗಲೀಜು ಅರಬ್ಬಿ ಮೂಲದ್ದು. ಅಲ್ಲಿ ದಪ್ಪ, ಒರಟು ಎಂಬ ಅರ್ಥವಿದ್ದದ್ದು ಉರ್ದುವಿನಲ್ಲಿ ಕೊಳಕಾಗಿ ಕನ್ನಡಕ್ಕೆ ಬಂತು. ನಾಜೂಕ್ ಫಾರಸಿಯದು. ಸಣ್ಣದಕ್ಕೂ ಹೇಸುವವನನ್ನು 'ಭಾಳ ನಾಜೂಕ ಮನಶ್ಯಾ' ಎಂದು ಕರೆಯುವಾಗ ಅದರಲ್ಲಿ ಮೆಚ್ಚುಗೆ ಮತ್ತು ಗೇಲಿ ಎರಡೂ ಬೆರೆತಿರುತ್ತವೆ. ಪಾಯಿಖಾನೆಗೆ ಸಂಡಾಸ, ಕೊಳಕಿಗೆ ಘಾಣ ಎಂಬ ಮಾತುಗಳು ಮರಾಠಿಯ ಒಡನಾಟದಿಂದ ಬಂದವು. ಸಾರವಾಡದ ಬಳಿ ಹರಿಯುವ ಡೋಣಿ ನದಿ ಹುಟ್ಟುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ. ಆ ತಾಲ್ಲೂಕಿನ ಬಹಳಷ್ಟು ಹಳ್ಳಿಗಳ ಮಾತು ಕನ್ನಡ. ನೀರಿನಂತೆ ಪದಗಳೂ ಆ ಗಡಿಯನ್ನು ಲೆಕ್ಕಿಸದೆ ಹರಿದಿವೆ.

ಡೋಣಿಯ ದಂಡೆಯ ಬದುಕು ಹೇಸಿಗೆಯ ಅರ್ಥಕ್ಕೆ ತನ್ನದೇ ಎಲ್ಲೆ ಹಾಕಿಕೊಂಡಿದೆ. ಡೋಣಿಯ ನೀರು ಸವಳು. ಅದರ ಹೂಳು ಮಾತ್ರ ಜೋಳಕ್ಕೆ ಚಿನ್ನ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಗಾದೆ ಈ ಎರೆಭೂಮಿಯದು. ಇಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು ತುಳಿಯುವುದು, ತಿಪ್ಪಿಯ ಗೊಬ್ಬರ ಹೇರುವುದು, ಸೆಗಣಿ ಕಲಸಿ ಕುಳ್ಳು ತಟ್ಟುವುದು ಯಾವುದೂ ಹೇಸಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಸೆಗಣಿಯಿಂದ ನೆಲ ಸಾರಿಸಿದರೆ ಮನೆ ಶುದ್ಧವಾಗುತ್ತದೆ. ದೀಪಾವಳಿಯ ಪಾಡ್ಯದ ದಿನ ಉತ್ತರ ಕರ್ನಾಟಕದ ಮನೆಗಳಲ್ಲಿ ಸೆಗಣಿಯಿಂದಲೇ ಪಾಂಡವರನ್ನು ಮಾಡಿ, ಹೂ ಏರಿಸಿ ಪೂಜಿಸುತ್ತಾರೆ. ಎಮ್ಮೆ ಎತ್ತುಗಳ ಸೆಗಣಿಗೆ ಈ ಮಾನ, ಮನುಷ್ಯನದಕ್ಕೆ ಹೇಸಿಗಿ ಎಂಬ ಹೆಸರು. ಬಯಲಿಗೆ ಹೋಗುವುದನ್ನು ನೇರವಾಗಿ ಹೇಳದೆ ಚರಗಿ ತಗೊಂಡು ಹೋಗುವುದು ಎನ್ನುತ್ತಾರೆ. ಹೇಸಿಗೆ ಹುಟ್ಟುವುದು ಪದಾರ್ಥದ ಗುಣದಿಂದಲ್ಲ, ಜನ ಅದಕ್ಕೆ ಕೊಟ್ಟ ಸ್ಥಾನದಿಂದ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಭಾವದ ಹೆಸರು ವಸ್ತುವಿನ ಹೆಸರಾದದ್ದು ಈ ಪದದ ಬಾಳಿನಲ್ಲಿ ಒಂದು ದೊಡ್ಡ ಬದಲಾವಣೆ. ಅಂಜಿಕೆ ಇವತ್ತಿಗೂ ಅಂಜುವವನ ಒಳಗಿದೆ, ನಾಚಿಕೆ ನಾಚುವವನ ಒಳಗಿದೆ. ಹೇಸಿಗೆ ಮಾತ್ರ ಹೇಸುವವನನ್ನು ಬಿಟ್ಟು ಹೊರಗೆ ಬಂದು ನೆಲದ ಮೇಲೆ ಬಿತ್ತು: 'ಅಲ್ಲಿ ಹೇಸಿಗಿ ಐತಿ, ತುಳದೀ'. ಒಮ್ಮೆ ವಸ್ತುವಾದ ಮೇಲೆ ಅದು ಸ್ಥಿರವಾಗುತ್ತದೆ. ಅದನ್ನು ಕಂಡವರೆಲ್ಲ ಹೇಸಲೇಬೇಕು ಎಂಬ ಭಾವನೆ ಗಟ್ಟಿಯಾಗುತ್ತದೆ. ಮೂರನೆಯ ಹೆಜ್ಜೆಯಲ್ಲಿ ಅದು ಮನುಷ್ಯನ ಮೇಲೆ ಬೈಗುಳವಾಗಿ ಏರಿತು: ಹೇಸಿ.

ಹೊಲಸು ಎಂಬ ಪದದ ದಾರಿಯೂ ಹಾಗೆಯೇ, ಇನ್ನೂ ಕಠೋರವಾಗಿ. ಅದರ ಹಳೆಯ ರೂಪ ಪೊಲಸು, ಹಸಿ ಮಾಂಸದ ನಾತ. ಅದರ ನೆರೆಯ ಪದ ಪೊಲೆ, ಹೊಲೆ: ಹುಟ್ಟು, ಸಾವು, ಮುಟ್ಟುಗಳ ಮೈಲಿಗೆ. ವಿಜಯಪುರ ಧಾರವಾಡಗಳ ಕಡೆ ಇದೇ ಮೈಲಿಗೆಗೆ ಮುಡಚಟ್ಟು ಎಂಬ ಮಾತೂ ಇದೆ. ತಾತ್ಕಾಲಿಕವಾದ ಈ ಮೈಲಿಗೆಯ ಹೆಸರನ್ನು ಒಂದು ಜನಸಮುದಾಯದ ಮೇಲೆ ಶಾಶ್ವತವಾಗಿ ಹೊರಿಸಿದ್ದು ಕನ್ನಡ ಸಮಾಜ ಮಾಡಿದ ಅನ್ಯಾಯ. ಅದರಲ್ಲಿ ಭಾಷೆಯೂ ಪಾಲುಗೊಂಡಿತು. ಸ್ನಾನದಿಂದ ಹೋಗುವ ಮೈಲಿಗೆ ಒಂದು, ಯಾವ ನೀರಿಗೂ ಹೋಗದಂತೆ ಮಾಡಿಟ್ಟ ಮೈಲಿಗೆ ಇನ್ನೊಂದು. ಮಡಿವಂತ ಎಂಬ ಪದ ಸಣ್ಣದಕ್ಕೂ ಹೇಸುವವನಿಗೆ ಗೌರವದ ಹೊದಿಕೆಯಾದದ್ದು ಈ ವ್ಯವಸ್ಥೆಯೊಳಗೆ. ಹೇಸುವುದು ಮೇಲಿನವರ ಹಕ್ಕು, ಹೇಸದೆ ಹೊಲಸನ್ನು ಎತ್ತುವುದು ಕೆಳಗಿನವರ ಕರ್ತವ್ಯ ಎಂಬ ಹಂಚಿಕೆ ನಡೆದುಬಂತು. ಆ ಹಂಚಿಕೆಯನ್ನು ಕೆಳಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನು ಇದೇ ಜಿಲ್ಲೆಯ ಮುದ್ದೇಬಿಹಾಳದಲ್ಲಿ ಹುಟ್ಟಿದ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ'ದಲ್ಲಿ (1994) ಬರೆದಿದ್ದಾರೆ.

ನಿಘಂಟುಗಳು ಈ ಪದಗಳನ್ನು ಅಚ್ಚುಕಟ್ಟಾಗಿ ಪುಟಕ್ಕೆ ಇಳಿಸಿದ್ದು 19ನೇ ಶತಮಾನದಲ್ಲಿ. ವಿಲಿಯಂ ರೀವ್ ಅವರ ಕೋಶ 1832ರದು, ಫರ್ಡಿನಾಂಡ್ ಕಿಟೆಲ್ ಅವರದು 1894ರದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರ ನಡುವೆ ಹೊರಬಂದು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಜೊತೆಗಿಟ್ಟಿತು. ಹೇಸುವ ಮನಸ್ಸನ್ನು ವಿಜ್ಞಾನ ಅಳೆಯಹೊರಟದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಚಾರ್ಲ್ಸ್ ಡಾರ್ವಿನ್ 1872ರ ತನ್ನ ಗ್ರಂಥದಲ್ಲಿ ಟಿಯೆರಾ ಡೆಲ್ ಫ್ಯೂಗೊದ ಒಂದು ಪ್ರಸಂಗ ಬರೆದ. ಅಲ್ಲಿಯ ನಿವಾಸಿಯೊಬ್ಬ ಡಾರ್ವಿನ್ ತಿನ್ನುತ್ತಿದ್ದ ಸಂಗ್ರಹಿತ ಮಾಂಸವನ್ನು ಬೆರಳಿನಿಂದ ಮುಟ್ಟಿ, ಅದರ ಮೆತ್ತಗಿನ ಸ್ಪರ್ಶಕ್ಕೆ ಹೇಸಿದ. ಅವನು ಮುಟ್ಟಿದ್ದಕ್ಕೆ ಡಾರ್ವಿನ್ ಹೇಸಿದ, ಕೈ ಕೊಳೆಯಾಗಿ ಕಾಣದಿದ್ದರೂ. ಅಸಹ್ಯ ಎರಡೂ ಕಡೆಯಿಂದ ಹರಿಯುವುದನ್ನು ಇಷ್ಟು ಪ್ರಾಮಾಣಿಕವಾಗಿ ದಾಖಲಿಸಿದವರು ಕಡಿಮೆ. 1994ರಲ್ಲಿ ಜೊನಾಥನ್ ಹೈಟ್, ಕ್ಲಾರ್ಕ್ ಮೆಕಾಲೆ ಮತ್ತು ಪಾಲ್ ರೋಝಿನ್ 32 ಪ್ರಶ್ನೆಗಳ ಒಂದು ಮಾಪಕ ರಚಿಸಿ ಯಾರು ಎಷ್ಟು ಬೇಗ ಹೇಸುತ್ತಾರೆ ಎಂಬುದಕ್ಕೆ ಅಂಕ ಕೊಡತೊಡಗಿದರು. ವ್ಯಾಲೆರಿ ಕರ್ಟಿಸ್ ಮತ್ತು ಆಡಂ ಬಿರಾನ್ 2001ರಲ್ಲಿ, ಭಾರತವೂ ಸೇರಿ ಹಲವು ದೇಶಗಳಲ್ಲಿ ಜನ ಹೇಸುವ ವಸ್ತುಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಹೆಚ್ಚಿನವು ರೋಗ ಹರಡುವಂಥವೇ ಎಂದು ತೋರಿಸಿದರು. ಹೇಸಿಗೆ ದೇಹವನ್ನು ಕಾಯುವ ಕಾವಲು ಎಂಬುದು ಅವರ ವಾದ. ಜುಗುಪ್ಸೆಯ ಮೂಲಧಾತು ಗುಪ್, ಅಂದರೆ ಕಾಪಾಡು, ಎಂಬುದು ಇಲ್ಲಿ ತಾನಾಗಿ ನೆನಪಾಗುತ್ತದೆ. ಆದರೆ ಕಾವಲಿನ ವಾದ ಸೆಗಣಿಯ ಪಾಂಡವರನ್ನೂ ವಿವರಿಸುವುದಿಲ್ಲ, ಮನುಷ್ಯ ಮನುಷ್ಯನಿಗೆ ಹೇಸುವುದನ್ನೂ ಸಮರ್ಥಿಸುವುದಿಲ್ಲ.

ಮನುಷ್ಯ ಮನುಷ್ಯನಿಗೆ ಹೇಸುವುದರ ಕ್ರೂರ ರೂಪವಾದ ಮಲ ಹೊರಿಸುವ ಪದ್ಧತಿಯನ್ನು ತಡೆಯುವ ಯತ್ನ ಕರ್ನಾಟಕದಲ್ಲಿ ಕೇಂದ್ರದ ಕಾಯ್ದೆಗಳಿಗಿಂತ ಮುಂಚೆ ನಡೆಯಿತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯ್ದೆಗಳು ಬಂದದ್ದು 1993ರಲ್ಲಿ ಮತ್ತು 2013ರಲ್ಲಿ. ಜಾಡಮಾಲಿ ಮುಂತಾದ ಹೆಸರುಗಳು ಹಿಂದೆ ಸರಿದು ಪೌರಕಾರ್ಮಿಕ ಎಂಬ ಪದ ಬಳಕೆಗೆ ಬಂತು. ಸೆಪ್ಟೆಂಬರ್ 23 ಈಗ ಅವರ ದಿನ. ಹೆಸರು ಬದಲಾದರೂ ಹೇಸುವ ಕಣ್ಣು ಬದಲಾಗಿರಲಿಲ್ಲ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲ ಹೊತ್ತಿದ್ದ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಅರ್ಜಿಗಳಿಗೆ ತಿರುಗಿ ನೋಡದ ರಾಜ್ಯ ಅಂದು ತಿರುಗಿ ನೋಡಿತು. ಇಷ್ಟು ಕಾಲ ತಮ್ಮ ಮೇಲೆ ಹೇರಿದ್ದ ಹೇಸಿಗೆಯನ್ನೇ ಅವರು ನೋಡುವವರ ಮುಂದೆ ಹಿಡಿದಿದ್ದರು.

ಇಂದಿನ ಕನ್ನಡದಲ್ಲಿ ಈ ಪದಗಳು ಒಂದೊಂದು ಕಡೆಗೆ ಸರಿದಿವೆ. ಜಿಗುಪ್ಸೆ ಪತ್ರಿಕೆಗಳ ಅಪರಾಧ ಸುದ್ದಿಯ ಪದವಾಗಿದೆ. ಜೀವನದಲ್ಲಿ ಜಿಗುಪ್ಸೆಗೊಂಡು ಎಂಬ ಸಾಲಿನ ಮುಂದೆ ಬರುವುದು ಹೆಚ್ಚಾಗಿ ಸಾಲ ಹೊತ್ತ ರೈತನ ಸಾವು. ಕೀವು ಹುಳುಗಳ ಹೇಸಿಗೆ ಅಲ್ಲಿ ಸಂಪೂರ್ಣ ಮರೆಯಾಗಿ ಬಾಳಿನ ಬೇಸರವಷ್ಟೇ ಉಳಿದಿದೆ. ವೈರಾಗ್ಯಕ್ಕೆ ಮೆಟ್ಟಿಲಾಗಿದ್ದ ಪದ ಹತಾಶೆಯ ಹೆಸರಾಯಿತು. ಅಸಹ್ಯ ನಗರದ ಮಾತಿಗೆ ಹೆಚ್ಚು ಒಗ್ಗಿದೆ; ಅಶ್ಲೀಲಕ್ಕೂ ಅದೇ, ಕೊಳಕಿಗೂ ಅದೇ. ಚಿಕ್ಕ ಮಕ್ಕಳ ಬಾಯಲ್ಲಿ ಛೀ, ಗಲೀಜು ಮುಂದಿವೆ.

ಹಳೆಯ ಹೇಸು ಬರಹದ ಕನ್ನಡದಲ್ಲಿ ಬದುಕಿರುವುದು ಹೆಚ್ಚಾಗಿ ನಿಷೇಧ ರೂಪದಲ್ಲಿ. ಕೊಲೆಗೂ ಹೇಸದವರು, ಸುಳ್ಳು ಹೇಳಲು ಹೇಸದವರು ಎಂದು ಪತ್ರಿಕೆ ಬರೆಯುವಾಗ ಪದ ತನ್ನ ನಾಚಿಕೆಯ ನೆಂಟಸ್ತಿಕೆಗೆ ಮರಳುತ್ತದೆ; ಅಲ್ಲಿ ಹೇಸದಿರುವುದು ತಪ್ಪು. ಸಾರವಾಡದ ಮನೆಗಳಲ್ಲಿ ಅದೇ ನಿಷೇಧರೂಪ ಹೊಗಳಿಕೆಯಾಗಿಯೂ ಬರುತ್ತದೆ. ಹಾಸಿಗೆ ಹಿಡಿದ ಅತ್ತೆಯ ಆರೈಕೆ ಮಾಡಿದ ಸೊಸೆಯ ಬಗ್ಗೆ, ದನದ ಹುಣ್ಣಿನ ಹುಳು ತೆಗೆದ ಒಕ್ಕಲಿಗನ ಬಗ್ಗೆ, ಬೇರೆಯವರ ಕೂಸನ್ನು ತೊಳೆದು ಎತ್ತಿಕೊಂಡವಳ ಬಗ್ಗೆ ಆಡುವ ಮಾತು ಇಷ್ಟೇ: 'ಒಟ್ಟ ಹೇಸಲಿಲ್ಲ.'